ಮನೆ ಬಾಡಿಗೆ ಮತ್ತು ಅಲ್ಲಾಹನ ತಕ್ಕಡಿ

ಅಲ್ಲಾಹನು ಮನುಷ್ಯನಿಗೆ ದಯಪಾಲಿಸಿರುವ ಅನುಗ್ರಹಗಳನ್ನು ಪವಿತ್ರ ಕುರ್‌ಆನ್ ಸೂರಃ ಅನ್ನಹ್ಲ್‌ನಲ್ಲಿ ಒಂದೊಂದಾಗಿ ನೆನಪಿಸುತ್ತದೆ. ಮಳೆ, ಹಾಲು, ಜೇನು, ನೆರಳು ಇವುಗಳ ಸಾಲಿನಲ್ಲಿ ಮನೆಯೂ ಬರುತ್ತದೆ. ಮನೆಯನ್ನು ಅಲ್ಲಾಹನು ನೆಮ್ಮದಿಯ ತಾಣವನ್ನಾಗಿ ಮಾಡಿದ್ದಾನೆಂದು ಅಲ್ಲಿ ತಿಳಿಸಲಾಗಿದೆ. ಈ ನೆಮ್ಮದಿ ಸ್ವಂತ ಮನೆಯುಳ್ಳವನಿಗೆ ಬೇಕಾದಂತೆಯೇ ಬಾಡಿಗೆ ಮನೆಯಲ್ಲಿರುವವನಿಗೂ ಬೇಕು. ಹಗಲೆಲ್ಲ ದುಡಿದು ಬಂದವನು, ಮಕ್ಕಳನ್ನು ಮಲಗಿಸಿದ ತಾಯಿ, ಕಾಯಿಲೆಯ ವೃದ್ಧರು, ಎಲ್ಲರೂ ಆ ನಾಲ್ಕು ಗೋಡೆಗಳ ನಡುವೆ ನೆಮ್ಮದಿಯನ್ನೇ ಹುಡುಕುತ್ತಾರೆ.

ಆದರೆ ಇಂದು ಚಾಮರಾಜನಗರವಿರಲಿ, ಗುಂಡ್ಲುಪೇಟೆಯಿರಲಿ, ಬಾಡಿಗೆ ಮನೆಯಲ್ಲಿರುವ ಅನೇಕ ಕುಟುಂಬಗಳಿಗೆ ಕರಾರು ಮುಗಿಯುವ ತಿಂಗಳು ಬಂತೆಂದರೆ ಆ ನೆಮ್ಮದಿ ಹಾರಿಹೋಗುತ್ತದೆ. ಈ ಸಲ ಎಷ್ಟು ಏರಿಸುತ್ತಾರೋ ಎಂಬುದೇ ಚಿಂತೆ. ತಳ್ಳುಗಾಡಿಯಲ್ಲಿ ಹಣ್ಣು ಮಾರುವವನ, ಹೊಲಿಗೆ ಯಂತ್ರ ತುಳಿಯುವವಳ, ಹೋಟೆಲಿನಲ್ಲಿ ದುಡಿಯುವವನ ಸಂಪಾದನೆ ಕರಾರಿನಂತೆ ವರ್ಷಕ್ಕೊಮ್ಮೆ ತಾನಾಗಿ ಏರುವುದಿಲ್ಲ. ಅತ್ತ ಮಾಲೀಕನನ್ನು ಕೇಳಿದರೆ ಅವನದ್ದೂ ಒಂದು ಉತ್ತರವಿದೆ: “ಎಲ್ಲದರ ಖರ್ಚೂ ಏರಿದೆ, ನಾನೇನು ಮಾಡಲಿ?”

ಈ ಉತ್ತರ ನಿಜವೇ, ನೆಪವೇ? ನಿಜವಾದರೆ ಎಷ್ಟು ನಿಜ? ಇದು ಕೇವಲ ಹಣದ ಪ್ರಶ್ನೆಯಲ್ಲ. ಪರಲೋಕದಲ್ಲಿ ಅಲ್ಲಾಹನ ಮುಂದೆ ಉತ್ತರಿಸಬೇಕಾದ ಪ್ರಶ್ನೆ ಕೂಡ. ಆದ್ದರಿಂದ ಇದನ್ನು ಸಾವಧಾನವಾಗಿ ವಿಚಾರ ಮಾಡುವುದು ಅಗತ್ಯ.

ಖರ್ಚು ಬಾಡಿಗೆಯಾಗುವ ಬಗೆ

ಮೊದಲು ಮಾಲೀಕನ ಮಾತನ್ನು ನ್ಯಾಯವಾಗಿ ಆಲಿಸೋಣ. ಒಬ್ಬರ ವಾದವನ್ನು ಮಾತ್ರ ಕೇಳಿ ತೀರ್ಪು ಕೊಡುವುದು ಇಸ್ಲಾಮಿನ ಕ್ರಮವಲ್ಲ.

ಮನೆಯುಳ್ಳವರೆಲ್ಲ ಸಿರಿವಂತರಲ್ಲ. ನಮ್ಮ ಊರುಗಳಲ್ಲಿ ಬಾಡಿಗೆಗೆ ಮನೆ ಕೊಡುವವರಲ್ಲಿ ನಿವೃತ್ತ ಮಾಸ್ತರರಿದ್ದಾರೆ, ಗಂಡನ ನಂತರ ಮುಂಭಾಗದ ಎರಡು ಕೋಣೆಗಳ ಬಾಡಿಗೆಯಿಂದಲೇ ಬದುಕುವ ವಿಧವೆಯರಿದ್ದಾರೆ, ಗಲ್ಫಿನಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ ಒಂದು ಮಹಡಿ ಎಬ್ಬಿಸಿದವರಿದ್ದಾರೆ. ಅವರ ಖರ್ಚುಗಳು ಕಲ್ಪನೆಯವಲ್ಲ. ಪುರಸಭೆ, ನಗರಸಭೆಗಳ ಮನೆ ಕಂದಾಯವನ್ನು 2021ರಲ್ಲಿ ಕಾಯ್ದೆಯ ತಿದ್ದುಪಡಿಯ ಮೂಲಕ ಸರ್ಕಾರದ ಮಾರ್ಗಸೂಚಿ ಬೆಲೆಗೆ ಜೋಡಿಸಲಾಯಿತು. ವರ್ಷಕ್ಕೆ ಶೇ. 3ರಿಂದ 5ರವರೆಗೆ ಅದು ಏರುವ ವ್ಯವಸ್ಥೆಯೂ ಬಂತು. 2023ರ ಅಕ್ಟೋಬರ್ 1ರಂದು ರಾಜ್ಯದಲ್ಲಿ ಮಾರ್ಗಸೂಚಿ ಬೆಲೆಗಳೇ ಏರಿದವು. ಸಿಮೆಂಟಿನ ಮೇಲೆ 2017ರಿಂದ 2025ರ ಸೆಪ್ಟೆಂಬರ್‌ವರೆಗೆ ಶೇ. 28 ಜಿಎಸ್‌ಟಿ ಇತ್ತು. ಗಾರೆ ಮೇಸ್ತ್ರಿಯ ಕೂಲಿ, ಪ್ಲಂಬರನ ಕೂಲಿ, ಸುಣ್ಣಬಣ್ಣದ ಬೆಲೆ ಯಾವುದೂ ಹತ್ತು ವರ್ಷದ ಹಿಂದಿನಂತಿಲ್ಲ. ಬೋರ್‌ವೆಲ್ ಬತ್ತಿದರೆ ಇನ್ನೊಂದನ್ನು ಕೊರೆಸಬೇಕು, ಮೋಟಾರು ಸುಟ್ಟರೆ ಕಾಯಿಲ್ ಕಟ್ಟಿಸಬೇಕು, ತಾರಸಿ ಸೋರಿದರೆ ಮಳೆಗಾಲಕ್ಕೆ ಮೊದಲೇ ಸರಿಪಡಿಸಬೇಕು.

ಸಾಲ ಮಾಡಿ ಕಟ್ಟಿದವನ ಕಥೆ ಇನ್ನೂ ಬಿಗಿ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ತನ್ನ ರೆಪೊ ದರವನ್ನು ಶೇ. 4ರಿಂದ 6.5ಕ್ಕೆ ಏರಿಸಿತು. ಇಪ್ಪತ್ತು ವರ್ಷಗಳ ಅವಧಿಗೆ 10 ಲಕ್ಷ ರೂಪಾಯಿ ಗೃಹಸಾಲ ಪಡೆದವನ ಬಡ್ಡಿ ಶೇ. 6.5ರಿಂದ 9ಕ್ಕೆ ಹೋದರೆ, ತಿಂಗಳ ಕಂತು ಸುಮಾರು 7,450 ರೂ.ನಿಂದ ಸುಮಾರು 9,000 ರೂ.ಗೆ ಏರುತ್ತದೆ. ಕಂತು ಏರಿಸದಿದ್ದರೆ ಬ್ಯಾಂಕು ವರ್ಷಗಳನ್ನು ಏರಿಸುತ್ತದೆ. ಆ ಹೊರೆಯನ್ನು ಅವನು ಬಾಡಿಗೆಯಲ್ಲೇ ಹುಡುಕುತ್ತಾನೆ.

ಇದರ ಪರಿಣಾಮ ಸಾಲಗಾರನ ಮನೆಯೊಂದಕ್ಕೇ ನಿಲ್ಲುವುದಿಲ್ಲ. ಕಟ್ಟುವ ಖರ್ಚು ಹೆಚ್ಚಿದಾಗ ಹೊಸದಾಗಿ ಬಾಡಿಗೆ ಮನೆ ಕಟ್ಟಲು ಯೋಚಿಸಿದ್ದವರು ಹಿಂದೆ ಸರಿಯುತ್ತಾರೆ. ಕೆಲವರು ಹಳೆಯ ಹೆಂಚಿನ ಮನೆಯನ್ನು ದುರಸ್ತಿ ಮಾಡಿಸದೆ ಬೀಗ ಹಾಕುತ್ತಾರೆ. ಮತ್ತೆ ಕೆಲವರು ಮನೆಯನ್ನು ಒಡೆದು ಮಳಿಗೆ ಮಾಡುತ್ತಾರೆ. ಇತ್ತ ಮನೆ ಹುಡುಕುವವರು ಮಾತ್ರ ಕಡಿಮೆಯಾಗುವುದಿಲ್ಲ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲಾ ಕೇಂದ್ರವಾದಾಗ ಕಚೇರಿಗಳು ಬಂದವು, ನೌಕರರು ಬಂದರು. 2007ರಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, 2016ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದವು. ವಿದ್ಯಾರ್ಥಿಗಳು, ದಾದಿಯರು, ವೈದ್ಯರು ಎಲ್ಲರಿಗೂ ಸೂರು ಬೇಕು. ಮನೆ ಕಡಿಮೆ, ಕೇಳುವವರು ಹೆಚ್ಚು ಎಂದಾದಾಗ ಸಾಲವಿಲ್ಲದ, ಅಜ್ಜನ ಕಾಲದ ಮನೆಯ ಬಾಡಿಗೆಯೂ ಪಕ್ಕದ ಹೊಸ ಮನೆಯ ಜೊತೆಗೇ ಏರುತ್ತದೆ. ಮಾಲೀಕನ ಖರ್ಚು ಬಾಡಿಗೆಯಾಗುವುದು ಮುಖ್ಯವಾಗಿ ಈ ದಾರಿಯಿಂದ. ಅಂದರೆ ಖರ್ಚು ಮನೆಗಳನ್ನು ಕಡಿಮೆ ಮಾಡುತ್ತದೆ. ಮನೆಗಳ ಅಭಾವ ಬಾಡಿಗೆಯನ್ನು ಏರಿಸುತ್ತದೆ.

ಈ ವಿಚಾರ ಮುಸ್ಲಿಮ್ ಚಿಂತಕರಿಗೆ ಹೊಸದಲ್ಲ. ಪಟ್ಟಣದ ಮಾರುಕಟ್ಟೆಯಲ್ಲಿ ವಿಧಿಸುವ ಸುಂಕಗಳು ಕೊನೆಗೆ ಸರಕಿನ ಬೆಲೆಯೊಳಗೇ ಸೇರಿಕೊಳ್ಳುತ್ತವೆಂದು ಇಬ್ನು ಖಲ್ದೂನ್ ಆರು ಶತಮಾನಗಳ ಹಿಂದೆಯೇ ಬರೆದಿದ್ದರು.

ಖರ್ಚೆಷ್ಟು, ನೆಪವೆಷ್ಟು?

ಇಷ್ಟನ್ನು ಒಪ್ಪಿಕೊಂಡ ಮೇಲೆ ಮಾಲೀಕರಾದ ಸಹೋದರರು ಒಂದು ಕಾಗದ, ಒಂದು ಪೆನ್ನು ತೆಗೆದುಕೊಂಡು ಕುಳಿತುಕೊಳ್ಳಲಿ. “ಎಲ್ಲವೂ ಏರಿದೆ” ಎಂಬ ಮಾತನ್ನು ಅಂಕಿಗಳಲ್ಲಿ ಬರೆಯಲಿ.

ಉದಾಹರಣೆಗೆ ಒಂದು ಮನೆಯ ಕಂದಾಯ ವರ್ಷಕ್ಕೆ 3,000 ರೂ. ಎಂದಿಟ್ಟುಕೊಳ್ಳೋಣ. ಅದು ಶೇ. 5ರಷ್ಟು ಏರಿತು. ಹೆಚ್ಚಾದುದು ವರ್ಷಕ್ಕೆ 150 ರೂ., ಅಂದರೆ ತಿಂಗಳಿಗೆ ಹನ್ನೆರಡೂವರೆ ರೂಪಾಯಿ. ಆದರೆ “ಕಂದಾಯ ಏರಿದೆ” ಎಂದು ಹೇಳಿ ಬಾಡಿಗೆಯನ್ನು 500 ರೂ. ಏರಿಸಿದರೆ ಉಳಿದ 487 ರೂಪಾಯಿ ಐವತ್ತು ಪೈಸೆ ಎಲ್ಲಿಂದ ಬಂತು? ಅದು ಕಂದಾಯದ ಹಣವಲ್ಲ. ಅದಕ್ಕೆ ಕಂದಾಯದ ಹೆಸರಿಡುವುದು ಸುಳ್ಳು.

ಹಾಗೆಯೇ ನಾಲ್ಕು ವರ್ಷಕ್ಕೊಮ್ಮೆ 24,000 ರೂ. ಖರ್ಚು ಮಾಡಿ ಸುಣ್ಣಬಣ್ಣ, ತಾರಸಿಯ ದುರಸ್ತಿ ಮಾಡಿಸುವವನಿಗೆ ಅದು ತಿಂಗಳಿಗೆ 500 ರೂ. ಬೀಳುತ್ತದೆ. ಇದು ನಿಜವಾದ ಖರ್ಚು. ಅದನ್ನು ಬಾಡಿಗೆಯಲ್ಲಿ ಸೇರಿಸುವುದರಲ್ಲಿ ತಪ್ಪಿಲ್ಲ. ಆದರೆ ಪ್ರತಿ ತಿಂಗಳೂ ಅದನ್ನು ಬಾಡಿಗೆಯಲ್ಲಿ ಪಡೆದವನು, ಬಾಡಿಗೆದಾರ ಮನೆ ಬಿಡುವಾಗ “ಪೇಂಟಿಂಗಿಗೆ” ಎಂದು ಮುಂಗಡದಿಂದ ಒಂದು ತಿಂಗಳ ಬಾಡಿಗೆಯನ್ನು ಮತ್ತೆ ಹಿಡಿದುಕೊಂಡರೆ? ಒಂದೇ ಸುಣ್ಣಕ್ಕೆ ಎರಡು ಬಾರಿ ಹಣ ಪಡೆದಂತಾಗುತ್ತದೆ. ಬಣ್ಣವನ್ನು ಹೊಡೆಸದೆಯೇ ಮುಂದಿನವನಿಗೆ ಬೀಗದ ಕೈ ಕೊಟ್ಟರೆ ಅದು ಇನ್ನೂ ಘೋರ. ಮುಂಗಡ ಹಣ ಬಾಡಿಗೆದಾರನ ಸೊತ್ತು. ಮಾಲೀಕನ ಕೈಯಲ್ಲಿ ಅದು ಅಮಾನತ್ ಎಂಬ ಭಾವನೆ ಇರಬೇಕು.

ವಿದ್ಯುತ್ತಿನ ವಿಷಯವನ್ನೂ ನೋಡಿರಿ. ಗೃಹಜ್ಯೋತಿ ಯೋಜನೆ 2023ರಲ್ಲಿ ಜಾರಿಗೆ ಬಂದಾಗ, ನಿಗದಿತ ಮಿತಿಯೊಳಗೆ ಬಳಸುವ ಮನೆಗಳಿಗೆ ಬಿಲ್ಲು ಮನ್ನಾ ಆಯಿತು. ಬಾಡಿಗೆದಾರರಿಗೂ ಆ ಹಕ್ಕು ಸಿಕ್ಕಿತು. ಬಿಲ್ಲು ಸೊನ್ನೆಯಾದ ಮೇಲೂ “ಕರೆಂಟಿಗೆ” ಎಂದು ತಿಂಗಳಿಗೆ ಇಷ್ಟು ಪಡೆಯುವವನು ಯಾವ ಖರ್ಚನ್ನು ತುಂಬಿಸಿಕೊಳ್ಳುತ್ತಿದ್ದಾನೆ? ಸರ್ಕಾರ ಬಡವನಿಗೆ ಕೊಟ್ಟದ್ದನ್ನು ಅವನ ಕೈಯಿಂದ ಕಿತ್ತುಕೊಂಡಂತಲ್ಲವೇ?

ಇನ್ನೊಂದು ಪ್ರಶ್ನೆ ಇದೆ. ಇದೇ ಅತ್ಯಂತ ಕಠಿಣ ಪರೀಕ್ಷೆ. ಖರ್ಚು ಏರಿದಾಗ ಬಾಡಿಗೆ ಏರುತ್ತದೆ. ಖರ್ಚು ಇಳಿದಾಗ? 2025ರ ಫೆಬ್ರವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ. 6.5ರಿಂದ 5.5ಕ್ಕೆ ಇಳಿಸಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಕಂತು ಏರಿದೆಯೆಂದು ಬಾಡಿಗೆ ಏರಿಸಿದ ಎಷ್ಟು ಮಂದಿ, ಕಂತು ಇಳಿಯಿತೆಂದು ಬಾಡಿಗೆದಾರನ ಬಾಗಿಲು ತಟ್ಟಿ ನೂರು ರೂಪಾಯಿ ಕಡಿಮೆ ಕೊಡು ಎಂದರು? ಏರುವಾಗ ಮಾತ್ರ ಕೆಲಸ ಮಾಡುವ, ಇಳಿಯುವಾಗ ತುಕ್ಕು ಹಿಡಿಯುವ ತಕ್ಕಡಿ ಯಾವ ತಕ್ಕಡಿ?

ಸೂರಃ ಅಲ್ ಮುತಫ್ಫಿಫೀನ್ ಇಂತಹ ತಕ್ಕಡಿಯ ಬಗ್ಗೆಯೇ ಎಚ್ಚರಿಸುತ್ತದೆ. ತಾನು ಪಡೆಯುವಾಗ ತುಂಬು ಅಳತೆ, ತಾನು ಕೊಡುವಾಗ ಕೊರತೆಯ ಅಳತೆ ಮಾಡುವವರಿಗೆ ಅಲ್ಲಿ ವಿನಾಶದ ಎಚ್ಚರಿಕೆಯಿದೆ. ಆ ಅಳತೆ ಅಕ್ಕಿ ಬೇಳೆಯ ಅಂಗಡಿಗೆ ಮಾತ್ರ ಸೀಮಿತವೆಂದು ಭಾವಿಸಬೇಡಿರಿ. ಪೂರ್ತಿ ಬಾಡಿಗೆ ಪಡೆದು ಎರಡು ದಿನಕ್ಕೊಮ್ಮೆ ನೀರು ಬಿಡುವುದೂ ಅಳತೆಯಲ್ಲಿ ಮೋಸವೇ.

ಬಡ್ಡಿಯ ಹೊರೆ ಯಾರ ಹೆಗಲಿಗೆ?

ಖರ್ಚಿನ ಪಟ್ಟಿಯಲ್ಲಿ ಒಂದು ಬಾಬ್ತು ಉಳಿದೆಲ್ಲಕ್ಕಿಂತ ಬೇರೆ. ಅದು ಬಡ್ಡಿ. ಮೇಲೆ ಹೇಳಿದ 10 ಲಕ್ಷದ ಸಾಲಕ್ಕೆ ಶೇ. 9ರಂತೆ ಇಪ್ಪತ್ತು ವರ್ಷ ಕಂತು ಕಟ್ಟಿದರೆ ಒಟ್ಟು ಸುಮಾರು 21.6 ಲಕ್ಷ ರೂಪಾಯಿಯಾಗುತ್ತದೆ. ಅಸಲಿಗಿಂತ ಬಡ್ಡಿಯೇ ಹೆಚ್ಚು. ಸಾಲ ಮಾಡಿದವನು ಆ ಹಣವನ್ನು ಬಾಡಿಗೆಯಿಂದಲೇ ತೀರಿಸಲು ಹೊರಟರೆ, ಜೀವನವಿಡೀ ಬಡ್ಡಿಯಿಂದ ದೂರವಿದ್ದ ಬಡ ಬಾಡಿಗೆದಾರ ತನಗರಿವಿಲ್ಲದೆಯೇ ಇನ್ನೊಬ್ಬನ ಬಡ್ಡಿಯನ್ನು ಹೊರುತ್ತಾನೆ. ಕೊಡುವವನಿಗೆ ಅದು ಬಾಡಿಗೆ, ಅವನ ಮೇಲೆ ಪಾಪವಿಲ್ಲ. ಆದರೆ ಬಡ್ಡಿಯ ಕೇಡು ಸಾಲ ಮಾಡಿದವನ ಮನೆಯಲ್ಲೇ ನಿಲ್ಲದೆ ಓಣಿಯ ಕೊನೆಯ ಗುಡಿಸಲಿನವರೆಗೂ ಹರಿಯುವುದನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಅಲ್ಲಾಹನು ಬಡ್ಡಿಯನ್ನು ನಿಷಿದ್ಧಗೊಳಿಸಿದುದರ ಹಿಂದಿರುವ ಯುಕ್ತಿ ಎಷ್ಟು ದೊಡ್ಡದೆಂದು ಆಗ ಅರ್ಥವಾಗುತ್ತದೆ. ಆದ್ದರಿಂದ ಬಾಡಿಗೆಯ ಆಸೆಯಿಂದ ಎರಡನೆಯ, ಮೂರನೆಯ ಮಹಡಿಗೆ ಸಾಲ ಮಾಡಲು ಹೊರಟವರು ನಿಂತು ಯೋಚಿಸಲಿ. ಕೈಯಲ್ಲಿರುವಷ್ಟರಲ್ಲಿ ಒಂದು ಕೋಣೆ ಕಟ್ಟುವುದು, ಬಡ್ಡಿಯಲ್ಲಿ ಮೂರು ಕಟ್ಟುವುದಕ್ಕಿಂತ ಲೇಸು.

ಬಡ್ಡಿಯ ವಿಷಯ ಬಂದುದರಿಂದ ನಮ್ಮಲ್ಲಿ ಬಹಳ ಹರಡಿರುವ ಭೋಗ್ಯದ ಪದ್ಧತಿಯ ಬಗ್ಗೆಯೂ ಹೇಳಬೇಕು. ಒಂದು ದೊಡ್ಡ ಮೊತ್ತವನ್ನು ಮಾಲೀಕನಿಗೆ ಕೊಟ್ಟು, ಬಾಡಿಗೆಯಿಲ್ಲದೆ ವಾಸಿಸಿ, ಮನೆ ಬಿಡುವಾಗ ಪೂರ್ತಿ ಮೊತ್ತವನ್ನು ವಾಪಸು ಪಡೆಯುವುದನ್ನು ಲೀಸ್ ಎಂದೂ ಕರೆಯುತ್ತಾರೆ. ಬಾಡಿಗೆ ಏರಿದಂತೆಲ್ಲ ಜನರು ಇದರತ್ತ ಹೆಚ್ಚು ವಾಲುತ್ತಾರೆ. ಆದರೆ ಇಲ್ಲಿ ಕೊಟ್ಟ ಹಣ ಸಾಲ, ಅದರ ಪ್ರತಿಫಲವಾಗಿ ದೊರೆತದ್ದು ಪುಕ್ಕಟೆ ವಾಸ. ಸಾಲದ ಮೇಲೆ ಪಡೆಯುವ ಲಾಭ ಬಡ್ಡಿಯ ಸಾಲಿಗೇ ಸೇರುತ್ತದೆಂಬ ಕಾರಣಕ್ಕೆ ಹೆಚ್ಚಿನ ಉಲಮಾಗಳು ಇದನ್ನು ಸಮ್ಮತಿಸುವುದಿಲ್ಲ. ಈ ವ್ಯವಹಾರದಲ್ಲಿರುವವರು ತಮ್ಮ ಊರಿನ ಆಲಿಮರನ್ನು ಕೇಳಿ, ಸಾಧಾರಣ ಮುಂಗಡ ಹಾಗೂ ನ್ಯಾಯವಾದ ಮಾಸಿಕ ಬಾಡಿಗೆಯ ಕರಾರಿಗೆ ಬದಲಾಯಿಸಿಕೊಳ್ಳುವುದು ಕ್ಷೇಮಕರ.

ಪ್ರವಾದಿ(ಸ)ರವರ ಮಾರ್ಗದರ್ಶನ

ಹಾಗಾದರೆ ಬಾಡಿಗೆಗೆ ಒಂದು ದರ ಕಟ್ಟಿಬಿಟ್ಟರಾಯಿತಲ್ಲವೇ ಎಂದು ಕೆಲವರು ಕೇಳಬಹುದು. ಮದೀನಾದಲ್ಲಿ ಒಮ್ಮೆ ಬೆಲೆಗಳು ಏರಿದಾಗ ದರ ನಿಗದಿ ಮಾಡಬೇಕೆಂದು ಜನರು ಪ್ರವಾದಿ(ಸ)ರವರನ್ನು ಕೇಳಿಕೊಂಡರು. ಅವರು ಒಪ್ಪಲಿಲ್ಲ. ಕೊರತೆಯೂ ಸಮೃದ್ಧಿಯೂ ಅಲ್ಲಾಹನ ಕೈಯಲ್ಲಿವೆಯೆಂದೂ, ಯಾರ ಸೊತ್ತಿನ ವಿಷಯದಲ್ಲಾಗಲಿ ಅನ್ಯಾಯ ಮಾಡಿದ ಆರೋಪವಿಲ್ಲದೆ ಅವನನ್ನು ಭೇಟಿಯಾಗಲು ತಾವು ಬಯಸುವುದಾಗಿಯೂ ತಿಳಿಸಿದರೆಂದು ಅನಸ್(ರ)ರವರ ವರದಿಯಿಂದ ತಿಳಿಯುತ್ತದೆ. ಮಾಲೀಕನಿಗೂ ಹಕ್ಕಿದೆ, ಅವನ ಮೇಲೂ ಅನ್ಯಾಯವಾಗಬಾರದು ಎಂಬುದು ಇದರ ಪಾಠ. ಪ್ರವಾದಿ(ಸ)ರವರ ಮಸೀದಿಯ ನೆಲ ಇಬ್ಬರು ಅನಾಥ ಬಾಲಕರದ್ದಾಗಿತ್ತು. ಅದನ್ನು ಪುಕ್ಕಟೆಯಾಗಿ ಕೊಡಲು ಮುಂದಾದರೂ ಅವರು ಬೆಲೆ ಕೊಟ್ಟೇ ಪಡೆದರು. ಅಲ್ಲಾಹನ ಭವನಕ್ಕೂ ಒಡೆಯನ ಹಕ್ಕನ್ನು ಕಡೆಗಣಿಸಲಿಲ್ಲ.

ಆದರೆ ಈ ಹದೀಸನ್ನು ಹಿಡಿದುಕೊಂಡು “ನನ್ನ ಮನೆ, ನನ್ನ ದರ” ಎನ್ನುವವರು ವಿದ್ವಾಂಸರ ವಿವರಣೆಯನ್ನೂ ಗಮನಿಸಬೇಕು. ಜನ ಹೆಚ್ಚಿ, ಸರಕು ಕಡಿಮೆಯಾಗಿ ತಾನಾಗಿ ಬೆಲೆ ಏರುವುದು ಬೇರೆ. ಜನರ ತೀವ್ರ ಅಗತ್ಯವನ್ನು ಕಂಡು ಸರಕನ್ನು ತಡೆಹಿಡಿದು ಏರಿಸುವುದು ಬೇರೆ ಎಂದು ಇಬ್ನು ತೈಮಿಯ್ಯ ವಿವರಿಸಿದ್ದಾರೆ. ಮೊದಲನೆಯದರಲ್ಲಿ ಅಧಿಕಾರಸ್ಥರು ಕೈಹಾಕಬಾರದು, ಎರಡನೆಯದರಲ್ಲಿ ನ್ಯಾಯವಾದ ಬೆಲೆಗೆ ಕೊಡಿಸಬೇಕು ಎಂಬುದು ಅವರ ಅಭಿಪ್ರಾಯ. ಖಾಲಿ ಮನೆಗೆ ತಿಂಗಳುಗಟ್ಟಲೆ ಬೀಗ ಜಡಿದು “ಕಷ್ಟದಲ್ಲಿರುವವನು ಬಂದೇ ಬರುತ್ತಾನೆ” ಎಂದು ಕಾಯುವವನು ತಾನು ಯಾವ ಸಾಲಿನಲ್ಲಿದ್ದೇನೆಂದು ಕೇಳಿಕೊಳ್ಳಲಿ.

ಗುಂಡ್ಲುಪೇಟೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಅದು ಕೇರಳ ಮತ್ತು ತಮಿಳುನಾಡಿನ ಹೆದ್ದಾರಿಗಳು ಕವಲೊಡೆಯುವ ಊರು. ಬಂಡೀಪುರದ ಅರಣ್ಯದಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ತಡವಾಗಿ ಬಂದ ವಾಹನಗಳು ಬೆಳಗಿನವರೆಗೆ ಕಾಯಬೇಕು. ಚೆಂಡುಹೂ, ಸೂರ್ಯಕಾಂತಿ ಅರಳುವ ಕಾಲದಲ್ಲಿ ಕೇರಳದಿಂದ ಪ್ರವಾಸಿಗರು ಬರುತ್ತಾರೆ. ದಿನದ ಬಾಡಿಗೆಗೆ ಕೊಟ್ಟರೆ ತಿಂಗಳ ಬಾಡಿಗೆಗಿಂತ ಹೆಚ್ಚು ಸಿಗುತ್ತದೆಂಬ ಆಸೆ ಸಹಜ. ಬಂದವರಿಂದ ಲಾಭ ಪಡೆಯುವ ಆಸೆ ಮಕ್ಕಾದಂತಹ ಪವಿತ್ರ ನಗರಕ್ಕೂ ಇತ್ತು. ಅಲ್ಲಿಯ ಮಸ್ಜಿದುಲ್ ಹರಾಮ್‌ನಲ್ಲಿ ಊರಿನವನೂ ಹೊರಗಿನವನೂ ಸಮಾನರೆಂದು ಸೂರಃ ಅಲ್ ಹಜ್ಜ್ ತಿಳಿಸಿತು. ಹಜ್ಜ್ ಯಾತ್ರಿಕರಿಗೆ ಅಡ್ಡಿಯಾಗದಂತೆ ಮಕ್ಕಾದ ಮನೆಗಳಿಗೆ ಬಾಗಿಲು ಇಡುವುದನ್ನೇ ಖಲೀಫಾ ಉಮರ್(ರ) ತಡೆದಿದ್ದರೆಂದು ವರದಿಯಾಗಿದೆ. ಹಜ್ಜ್ ಕಾಲದಲ್ಲಿ ಅಲ್ಲಿಯ ಮನೆಗಳಿಗೆ ಬಾಡಿಗೆ ಪಡೆಯುವುದನ್ನು ಇಮಾಮ್ ಅಬೂಹನೀಫಾ ಮೆಚ್ಚಲಿಲ್ಲ, ಇಮಾಮ್ ಶಾಫಿಈ ಅನುಮತಿಸಿದರು. ಗುಂಡ್ಲುಪೇಟೆ ಮಕ್ಕಾ ಅಲ್ಲ, ಆ ನಿಯಮ ಇಲ್ಲಿಗೆ ಅನ್ವಯಿಸದು. ಆದರೆ ನಾಲ್ಕು ವಾರದ ಪ್ರವಾಸಿಗಾಗಿ ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬವನ್ನು ನಡುವರ್ಷದಲ್ಲಿ ಎಬ್ಬಿಸುವುದು ಮಾನವೀಯತೆಯೇ ಎಂಬ ಪ್ರಶ್ನೆ ಉಳಿಯುತ್ತದೆ.

ಕರಾರು ಹೇಗಿರಬೇಕೆಂಬುದಕ್ಕೆ ಕುರ್‌ಆನಿನಲ್ಲಿ ಒಂದು ಸುಂದರ ಮಾದರಿಯಿದೆ. ಮದ್ಯನ್‌ನ ವೃದ್ಧರು ಮೂಸಾ(ಅ)ರವರನ್ನು ಕೆಲಸಕ್ಕೆ ನೇಮಿಸಿಕೊಂಡಾಗ ಅವಧಿಯನ್ನು ಸ್ಪಷ್ಟವಾಗಿ ತಿಳಿಸಿದರು: ಎಂಟು ವರ್ಷ ಕಡ್ಡಾಯ. ಹತ್ತು ಪೂರ್ತಿ ಮಾಡುವುದು ಮೂಸಾ(ಅ)ರವರ ಇಚ್ಛೆಗೆ ಬಿಟ್ಟದ್ದು. ಜೊತೆಗೆ ಅವರಿಗೆ ಕಷ್ಟ ಕೊಡುವ ಉದ್ದೇಶ ತಮಗಿಲ್ಲವೆಂದೂ ಹೇಳಿದರು. ಸೂರಃ ಅಲ್ ಕಸಸ್‌ನ ಈ ಪ್ರಸಂಗದಲ್ಲಿ ಮೂರು ಪಾಠಗಳಿವೆ. ಅವಧಿ ಸ್ಪಷ್ಟವಿರಬೇಕು, ಪ್ರತಿಫಲ ಸ್ಪಷ್ಟವಿರಬೇಕು, ಬಲವುಳ್ಳವನು ಬಲವಿಲ್ಲದವನಿಗೆ ತೊಂದರೆ ಕೊಡಬಾರದು. ಇದೇ ಆಧಾರಗಳ ಮೇಲೆ ಫಿಕ್ಹ್‌ನ ವಿದ್ವಾಂಸರು ಹೇಳುವುದೇನೆಂದರೆ, ಒಪ್ಪಿದ ಅವಧಿ ಮುಗಿಯುವವರೆಗೆ ಮಾಲೀಕನು ಏಕಪಕ್ಷೀಯವಾಗಿ ಬಾಡಿಗೆ ಏರಿಸುವಂತಿಲ್ಲ. ವಾಸಕ್ಕೆ ಅಡ್ಡಿಯಾಗುವ ದುರಸ್ತಿ ಮಾಲೀಕನ ಕೆಲಸ. ಅವನು ಮಾಡಿಸದಿದ್ದರೆ ಕರಾರು ಮುರಿದು ಹೊರಡುವ ಹಕ್ಕು ಬಾಡಿಗೆದಾರನಿಗಿದೆ.

ದೇಶದ ಕಾನೂನು ಎಲ್ಲವನ್ನೂ ನೋಡಿಕೊಳ್ಳುತ್ತದೆಂದು ಭಾವಿಸುವಂತಿಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ, 1999 ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂ., ಇತರೆಡೆ 2,000 ರೂ. ಮೀರಿದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಂದಿನ ಬಾಡಿಗೆಗಳ ಮುಂದೆ ಆ ಮಿತಿ ಬಹಳ ಚಿಕ್ಕದು. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು, ಬಾಡಿಗೆ ಏರಿಸುವ ಮೂರು ತಿಂಗಳ ಮೊದಲೇ ಬರಹದಲ್ಲಿ ತಿಳಿಸಬೇಕು ಎಂದಿದೆ. ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ. ಆದರೆ ಸತ್ಯವಿಶ್ವಾಸಿಯು ನ್ಯಾಯವಾಗಿ ನಡೆಯಲು ಶಾಸನಸಭೆಯ ಮತದಾನಕ್ಕೆ ಕಾಯುವ ಅಗತ್ಯವಿಲ್ಲ. ಮೂರು ತಿಂಗಳ ಮುಂಚೆ ತಿಳಿಸುವುದಕ್ಕೆ ಒಂದು ಕಾಗದ ಸಾಕು.

ಬಾಡಿಗೆದಾರನ ಹೊಣೆ

ತಕ್ಕಡಿಗೆ ಎರಡು ತಟ್ಟೆಗಳಿವೆ. ಕೊಡಲು ಶಕ್ತಿಯಿದ್ದೂ ಮುಂದೂಡುವುದು ಅಕ್ರಮವೆಂದು ಪ್ರವಾದಿ(ಸ)ರವರು ಎಚ್ಚರಿಸಿದ್ದಾರೆ. ಕೈಯಲ್ಲಿ ಹಣವಿಟ್ಟುಕೊಂಡು ಇಪ್ಪತ್ತನೇ ತಾರೀಖಿನವರೆಗೆ ಬಾಡಿಗೆ ಎಳೆಯುವವನು, ವಿಧವೆ ಮಾಲೀಕಳ ಔಷಧಿಯ ಹಣವನ್ನು ತಡೆಹಿಡಿದಿದ್ದಾನೆಂದು ತಿಳಿದಿರಲಿ. ನಲ್ಲಿ ಮುರಿದು, ಗೋಡೆಗೆ ಮೊಳೆ ಹೊಡೆದು, ಮನೆಯನ್ನು ಹಾಳುಗೆಡವಿ ಹೋಗುವವನು ಮುಂದಿನ ಬಾಡಿಗೆದಾರನ ಬಾಡಿಗೆಯನ್ನು ಏರಿಸುತ್ತಾನೆ. ಯಾಕೆಂದರೆ ಆ ದುರಸ್ತಿಯ ಖರ್ಚು ಅಲ್ಲಿಗೇ ಹೋಗಿ ಸೇರುತ್ತದೆ.

ಇನ್ನೂ ದೊಡ್ಡ ಅಕ್ರಮ ವಕ್ಫ್ ಸೊತ್ತುಗಳಲ್ಲಿ ನಡೆಯುತ್ತದೆ. ಮಸೀದಿಯ ಮಳಿಗೆಯನ್ನು ದಶಕಗಳ ಹಿಂದಿನ ಬಾಡಿಗೆಗೆ ಹಿಡಿದುಕೊಂಡು, ಅದನ್ನೇ ಇನ್ನೊಬ್ಬನಿಗೆ ಹತ್ತು ಪಟ್ಟು ಬಾಡಿಗೆಗೆ ಕೊಡುವವರು ಸಮುದಾಯದಲ್ಲಿ ಇಲ್ಲವೇ? 2006ರ ಸಾಚಾರ್ ಸಮಿತಿಯ ವರದಿಯ ಪ್ರಕಾರ ದೇಶದ ವಕ್ಫ್ ಸೊತ್ತುಗಳ ವಾರ್ಷಿಕ ಆದಾಯ ಸುಮಾರು 163 ಕೋಟಿ ರೂ. ಮಾತ್ರ. ಸರಿಯಾಗಿ ಬಳಸಿದರೆ ಅದು 12,000 ಕೋಟಿ ರೂ. ಆಗಬಹುದೆಂದು ಸಮಿತಿ ಅಂದಾಜಿಸಿತ್ತು. ವಕ್ಫ್ ಸೊತ್ತನ್ನು ಅಂತಹದೇ ಇತರ ಸೊತ್ತಿಗೆ ಸಿಗುವ ಬಾಡಿಗೆಗಿಂತ ತೀರಾ ಕಡಿಮೆಗೆ ಕೊಡಬಾರದೆಂದು ಫಿಕ್ಹ್ ಹೇಳುತ್ತದೆ. ಆ ಹಣ ಅನಾಥರ, ವಿಧವೆಯರ, ವಿದ್ಯಾರ್ಥಿಗಳ ಪಾಲು. ಅಲ್ಲಿ ಕಡಿಮೆ ಬಾಡಿಗೆ ಕೊಡುವುದು ಜಾಣತನವಲ್ಲ, ಅನಾಥನ ತಟ್ಟೆಯಿಂದ ತುತ್ತು ಎತ್ತಿದಂತೆ.

ನಾವು ಮಾಡಬಹುದಾದದ್ದು

ಸಮಸ್ಯೆಯನ್ನು ಹೇಳಿ ಸುಮ್ಮನಾಗುವುದು ಸಾಲದು. ನಮ್ಮ ನಮ್ಮ ಊರಿನಲ್ಲಿ, ನಮ್ಮ ನಮ್ಮ ಮನೆಯಲ್ಲಿ ಮಾಡಬಹುದಾದ ಕೆಲಸಗಳಿವೆ.

ಮಾಲೀಕರು ಬಾಡಿಗೆ ಏರಿಸುವ ಮುನ್ನ ಏರಿದ ಖರ್ಚನ್ನು ಬರೆದು ಬಾಡಿಗೆದಾರನಿಗೆ ತೋರಿಸಲಿ. ಕಂದಾಯ ಇಷ್ಟು, ದುರಸ್ತಿ ಇಷ್ಟು, ನೀರಿಗೆ ಇಷ್ಟು ಎಂದು ಲೆಕ್ಕ ತೆರೆದಿಡುವವನಿಗೆ ಬಾಡಿಗೆದಾರನ ಮುಂದೆ ನಾಚುವ ಪ್ರಸಂಗ ಬರುವುದಿಲ್ಲ, ಅಲ್ಲಾಹನ ಮುಂದೆ ಮೊದಲೇ ಬರುವುದಿಲ್ಲ. ಖರ್ಚಿನ ಮೇಲೆ ನ್ಯಾಯವಾದ ಲಾಭ ಪಡೆಯುವುದು ಹಲಾಲ್. ಅದನ್ನು ಲಾಭವೆಂದೇ ಹೇಳಲಿ, ಖರ್ಚೆಂದು ಹೇಳದಿರಲಿ. ಖರ್ಚು ಇಳಿದ ವರ್ಷ ಬಾಡಿಗೆ ಇಳಿಸಲು ಮನಸ್ಸಾಗದಿದ್ದರೆ ಕನಿಷ್ಠ ಆ ವರ್ಷ ಏರಿಸದಿರಲಿ. ಕೊಡುವಾಗ, ಕೊಳ್ಳುವಾಗ, ತನ್ನ ಹಕ್ಕನ್ನು ಕೇಳುವಾಗ ಮೃದುವಾಗಿ ವರ್ತಿಸುವವನ ಮೇಲೆ ಅಲ್ಲಾಹನ ಕೃಪೆಯಿರಲೆಂದು ಪ್ರವಾದಿ(ಸ)ರವರು ಪ್ರಾರ್ಥಿಸಿದ್ದಾರೆ. ಆ ಪ್ರಾರ್ಥನೆಯಲ್ಲಿ ಪಾಲು ಬೇಡವೇ?

2020ರ ಲಾಕ್‌ಡೌನ್ ದಿನಗಳನ್ನು ನೆನಪಿಸಿಕೊಳ್ಳಿರಿ. ಕಾಲೇಜು ಮುಚ್ಚಿ ವಿದ್ಯಾರ್ಥಿಗಳು ಊರಿಗೆ ಹೋದರು, ಕೋಣೆಗಳು ಖಾಲಿ ಬಿದ್ದವು. ಕಂದಾಯವೂ ಕಂತೂ ಹಾಗೆಯೇ ಇದ್ದವು, ಬಾಡಿಗೆ ಮಾತ್ರ ಬರಲಿಲ್ಲ. ಬಾಡಿಗೆದಾರನೂ ಮಾಲೀಕನಿಗೆ ಅನ್ನದಾತನೇ ಎಂಬುದನ್ನು ಆ ತಿಂಗಳುಗಳು ಕಲಿಸಿದವು. ಆ ದಿನಗಳಲ್ಲಿ ಬಾಡಿಗೆ ಬಿಟ್ಟುಕೊಟ್ಟವರೂ ನಮ್ಮ ನಡುವೆ ಇದ್ದಾರೆ. ಸಂಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ನೀಡಬೇಕು, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂದು ಸೂರಃ ಅಲ್ ಬಕರಃ ಬೋಧಿಸುತ್ತದೆ.

ಝಕಾತ್ ಕುರಿತು ಒಂದು ಮಾತು. ವಾಸಕ್ಕೆ ಬಾಡಿಗೆಗೆ ಕೊಟ್ಟ ಕಟ್ಟಡದ ಬೆಲೆಯ ಮೇಲೆ ಝಕಾತ್ ಇಲ್ಲ. ಬಾಡಿಗೆಯಿಂದ ಉಳಿದ ಹಣ ನಿಸಾಬ್ ತಲುಪಿ ವರ್ಷ ಕಳೆದರೆ ಶೇ. 2.5 ಕೊಡಬೇಕು. ಬಡ ಬಾಡಿಗೆದಾರ ಝಕಾತ್‌ಗೆ ಅರ್ಹನಾಗಿದ್ದರೆ ಅವನಿಗೂ ಕೊಡಬಹುದು. ಆದರೆ ಬಾಕಿ ಬಾಡಿಗೆಯನ್ನು ಮನ್ನಾ ಮಾಡಿ ಅದನ್ನೇ ಝಕಾತ್ ಎಂದು ಲೆಕ್ಕ ಹಾಕುವುದು ಹೆಚ್ಚಿನ ವಿದ್ವಾಂಸರ ಪ್ರಕಾರ ಸಲ್ಲದು. ಹಣ ಅವನ ಕೈಸೇರಬೇಕು. ಅವನು ಅದನ್ನು ತನ್ನಿಷ್ಟದಂತೆ ಬಳಸಲಿ.

ಜಮಾಅತ್‌ಗಳಿಗೂ ಒಂದು ಕೆಲಸವಿದೆ. ಬಡ ಕುಟುಂಬ ಮನೆ ಬದಲಾಯಿಸುವಾಗ ಎದುರಾಗುವ ದೊಡ್ಡ ಗೋಡೆ ಮುಂಗಡ. ಪ್ರತಿ ಮೊಹಲ್ಲಾದಲ್ಲಿ ಮುಂಗಡಕ್ಕೆಂದೇ ಬಡ್ಡಿರಹಿತ ಸಾಲದ ಒಂದು ಚಿಕ್ಕ ನಿಧಿ ಇದ್ದರೆ, ಆ ಹಣ ಮನೆ ಬಿಡುವಾಗ ವಾಪಸು ಬಂದು ಇನ್ನೊಂದು ಕುಟುಂಬಕ್ಕೆ ಆಸರೆಯಾಗುತ್ತದೆ. ಖಾಲಿ ಬಿದ್ದಿರುವ ವಕ್ಫ್ ನೆಲದಲ್ಲಿ ನಾಲ್ಕು ಮನೆ ಕಟ್ಟಿಸಿದರೆ ಮಸೀದಿಗೂ ಆದಾಯ, ಊರಿಗೂ ನಾಲ್ಕು ಸೂರು. ಮನೆಗಳ ಅಭಾವದಿಂದ ಏರಿದ ಬಾಡಿಗೆಯನ್ನು ತಗ್ಗಿಸುವ ನಿಜವಾದ ಮದ್ದು ಮನೆಗಳನ್ನು ಹೆಚ್ಚಿಸುವುದೇ ಆಗಿದೆ.

ಪ್ರಿಯ ಸಹೋದರ ಸಹೋದರಿಯರೇ, ನೆರೆಯವನ ಹಕ್ಕಿನ ಬಗ್ಗೆ ಜಿಬ್ರೀಲ್(ಅ) ಎಷ್ಟು ಒತ್ತಿ ಹೇಳುತ್ತಿದ್ದರೆಂದರೆ, ಅವನನ್ನು ವಾರೀಸುದಾರನನ್ನಾಗಿಯೇ ಮಾಡಿಬಿಡುತ್ತಾರೋ ಎಂದು ಪ್ರವಾದಿ(ಸ)ರವರಿಗೆ ಅನಿಸಿತ್ತಂತೆ. ನಿಮ್ಮ ಮನೆಯ ಗೋಡೆಯಾಚೆ ಇರುವ ಬಾಡಿಗೆದಾರ ಮುಸ್ಲಿಮನಿರಲಿ, ಹಿಂದೂ ಇರಲಿ, ಕ್ರೈಸ್ತನಿರಲಿ, ಮೊದಲು ಅವನು ನಿಮ್ಮ ನೆರೆಯವನು. ಬಾಡಿಗೆಯ ಚೀಟಿಯಲ್ಲಿ ಬರೆಯುವ ಅಂಕಿಯನ್ನು ಅಲ್ಲಾಹನೂ ಓದುತ್ತಾನೆ. ಈ ಮನೆಗಳೆಲ್ಲ ಅವನದ್ದು, ನಾವೆಲ್ಲರೂ ಇಲ್ಲಿ ಅಲ್ಪಕಾಲದ ವಾಸಿಗಳು, ಬಿಟ್ಟು ಹೊರಡುವ ದಿನ ಯಾರಿಗೂ ತಿಳಿಯದು.

ಪಡೆಯುವಾಗಲೂ ಕೊಡುವಾಗಲೂ ಒಂದೇ ತಕ್ಕಡಿಯನ್ನು ಹಿಡಿಯುವ ಸೌಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ನಮ್ಮ ಮನೆಗಳನ್ನು, ನಮ್ಮ ಆಶ್ರಯದಲ್ಲಿರುವವರ ಮನೆಗಳನ್ನು ನೆಮ್ಮದಿಯ ತಾಣಗಳನ್ನಾಗಿ ಮಾಡಲಿ. ಆಮೀನ್.